ಸಾಲ್ಜ್‌ಬರ್ಗ್ ಗ್ಲೋಬಲ್ ಸೆಮಿನಾರ್

ಸಾಲ್ಜ್‌ಬರ್ಗ್ ಗ್ಲೋಬಲ್ ಸೆಮಿನಾರ್ ಆಸ್ಟ್ರಿಯ ದೇಶದ ಸಾಲ್ಜ್‌ಬರ್ಗ್ ನಗರದಲ್ಲಿ ಅಂತರರಾಷ್ಟ್ರೀಯ ಶಿಬಿರಗಳನ್ನು ನಡೆಸುತ್ತಿರುವ, ಲಾಭದ ಉದ್ದೇಶವಿಲ್ಲದ ಒಂದು ಸಂಸ್ಥೆ. ಎರಡನೆಯ ಮಹಾಯುದ್ಧ ಮುಗಿದ ಎರಡು ವರ್ಷಗಳ ತರುವಾಯ, 1947ರಲ್ಲಿ, ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ಸೇರಿದ ಮೂವರು ತರುಣರು ಇದನ್ನು ಆರಂಭಿಸಿದರು. ನಗರದ ಅಂಚಿನಲ್ಲಿ, ಒಂದು ಕೆರೆಯ ದಡದಲ್ಲಿರುವ ಲೆಯೊಪೋಲ್ಡ್ಸ್‌ಕ್ರೋನ್ ಅರಮನೆ ಇದರ ನೆಲೆ. ಮೊದಲು ಅಮೆರಿಕದ ಸಾಹಿತ್ಯ, ಸಮಾಜ ಮತ್ತು ಅರ್ಥವ್ಯವಸ್ಥೆಗಳ ಅಧ್ಯಯನಕ್ಕೆ ಮೀಸಲಾಗಿದ್ದ ಈ ಶಿಬಿರ ಮುಂದೆ ಶಿಕ್ಷಣ, ಕಾನೂನು, ಆರೋಗ್ಯ, ಕಲೆ ಹಾಗೂ ಸಂಸ್ಕೃತಿ ಮುಂತಾದ ಕ್ಷೇತ್ರಗಳಿಗೆ ವಿಸ್ತರಿಸಿತು. 2014ರಿಂದ ಇದು ಕಲಾಕ್ಷೇತ್ರದ ಯುವ ಮುಂದಾಳುಗಳಿಗಾಗಿ ಪ್ರತ್ಯೇಕವಾದ ಒಂದು ವೇದಿಕೆಯನ್ನೂ ನಡೆಸುತ್ತ ಬಂದಿದೆ.

ಶಿಬಿರದಲ್ಲಿ ಪಾಲ್ಗೊಂಡವರನ್ನು 'ಫೆಲೊ' ಎಂದು ಕರೆಯುವುದು ವಾಡಿಕೆ. ಒಮ್ಮೆ ಫೆಲೊ ಆದವರು ಜೀವನಪರ್ಯಂತ ಫೆಲೊಗಳಾಗಿಯೇ ಉಳಿಯುತ್ತಾರೆ. ಇಂದು ನೂರೈವತ್ತಕ್ಕೂ ಹೆಚ್ಚು ದೇಶಗಳಲ್ಲಿ ಇಂತಹ ಮೂವತ್ತು ಸಾವಿರಕ್ಕೂ ಅಧಿಕ ಮಂದಿ ಇದ್ದಾರೆ. ಶಿಬಿರದ ಅವಧಿ ಕೆಲವೇ ದಿನಗಳದ್ದು. ಹಳೆಯ ಶಿಬಿರಾರ್ಥಿಗಳ ನಡುವಿನ ಸಂಪರ್ಕ ಮಾತ್ರ ಹಲವು ವರ್ಷ ನಡೆಯುತ್ತದೆ. ಆದ್ದರಿಂದ ಈ ಸಂಸ್ಥೆಯ ಚರಿತ್ರೆಯನ್ನು ಶಿಬಿರಗಳ ಚರಿತ್ರೆಯಾಗಿ ನೋಡುವಂತೆಯೇ, ಅಲ್ಲಿಂದ ಹಿಂದಿರುಗಿದವರು ಏನು ಮಾಡಿದರು ಎಂಬುದರ ಚರಿತ್ರೆಯಾಗಿಯೂ ನೋಡಬೇಕಾಗುತ್ತದೆ.

ಹೆಸರು

ಮೊದಲ ಶಿಬಿರದ ಹೆಸರು 'ಅಮೆರಿಕದ ನಾಗರಿಕತೆಯನ್ನು ಕುರಿತ ಸಾಲ್ಜ್‌ಬರ್ಗ್ ಸೆಮಿನಾರ್' ಎಂಬ ಅರ್ಥದ್ದಾಗಿತ್ತು. 1950ರಲ್ಲಿ ಕಾನೂನುಬದ್ಧ ಸಂಸ್ಥೆಯಾಗಿ ನೋಂದಣಿಯಾದಾಗ 'ಸಾಲ್ಜ್‌ಬರ್ಗ್ ಸೆಮಿನಾರ್ ಇನ್ ಅಮೆರಿಕನ್ ಸ್ಟಡೀಸ್' ಎಂಬ ಹೆಸರು ಬಂತು. ಅಮೆರಿಕದ ಅಧ್ಯಯನವೊಂದೇ ವಿಷಯವಾಗಿ ಉಳಿಯದ ಕಾಲಕ್ಕೆ ಅದು 'ಸಾಲ್ಜ್‌ಬರ್ಗ್ ಸೆಮಿನಾರ್' ಎಂದಷ್ಟೇ ಆಯಿತು. ಇಪ್ಪತ್ತೊಂದನೆಯ ಶತಮಾನದ ಮೊದಲ ದಶಕದಲ್ಲಿ 'ಗ್ಲೋಬಲ್' ಎಂಬ ಪದ ಸೇರಿಕೊಂಡಿತು. ಹೆಸರಿನಲ್ಲಾದ ಈ ಬದಲಾವಣೆಗಳು ಸಂಸ್ಥೆಯ ವ್ಯಾಪ್ತಿ ಹಂತಹಂತವಾಗಿ ಹಿಗ್ಗಿದುದನ್ನು ಸೂಚಿಸುತ್ತವೆ.

ಹಿನ್ನೆಲೆ: ಅರಮನೆ ಮತ್ತು ಅದರ ಒಡೆಯರು

ಲೆಯೊಪೋಲ್ಡ್ಸ್‌ಕ್ರೋನ್ ಅರಮನೆಯನ್ನು 1736ರಲ್ಲಿ ಕಟ್ಟಿಸಲು ತೊಡಗಿದವನು ಸಾಲ್ಜ್‌ಬರ್ಗಿನ ಆರ್ಚ್‌ಬಿಷಪ್ ಲೆಯೊಪೋಲ್ಡ್ ಆಂಟನ್ ಫಾನ್ ಫಿರ್ಮಿಯಾನ್. ಆಗಿನ ಸಾಲ್ಜ್‌ಬರ್ಗ್ ಸ್ವತಂತ್ರ ಧರ್ಮಾಧಿಪತ್ಯದ ರಾಜ್ಯವಾಗಿದ್ದು, ಆರ್ಚ್‌ಬಿಷಪ್ಪನೇ ಅದರ ದೊರೆಯೂ ಆಗಿದ್ದನು. 1731ರಲ್ಲಿ ಈತ ಹೊರಡಿಸಿದ ಆಜ್ಞೆಯ ಫಲವಾಗಿ ಇಪ್ಪತ್ತು ಸಾವಿರದಷ್ಟು ಪ್ರಾಟೆಸ್ಟೆಂಟ್ ಪ್ರಜೆಗಳು ಮನೆಮಾರು ತೊರೆದು ಗಡೀಪಾರಾಗಬೇಕಾಯಿತು. ಅಂತಹವನು ತನ್ನ ಮನೆತನಕ್ಕಾಗಿ ಕಟ್ಟಿಸಿದ ಸೌಧವೇ ಎರಡು ಶತಮಾನಗಳ ತರುವಾಯ ನಾನಾ ದೇಶ, ನಾನಾ ಮತಗಳ ಜನ ಕೂಡಿ ಕಲಿಯುವ ತಾಣವಾಯಿತು. 1744ರಲ್ಲಿ ಫಿರ್ಮಿಯಾನ್ ತೀರಿಕೊಂಡಾಗ ಅವನ ದೇಹವನ್ನು ನಗರದ ಕಥೀಡ್ರಲಿನಲ್ಲಿಯೂ ಹೃದಯವನ್ನು ಅರಮನೆಯ ಪ್ರಾರ್ಥನಾಮಂದಿರದಲ್ಲಿಯೂ ಇರಿಸಲಾಯಿತು.

ಹಲವು ಕೈ ಬದಲಾಯಿಸಿ ಶಿಥಿಲವಾಗಿದ್ದ ಅರಮನೆಯನ್ನು 1918ರಲ್ಲಿ ಕೊಂಡವರು ಮಾಕ್ಸ್ ರೈನ್‌ಹಾರ್ಟ್ (1873–1943). ಜರ್ಮನ್ ರಂಗಭೂಮಿಯ ಬಹು ಪ್ರಸಿದ್ಧ ನಿರ್ದೇಶಕರಾಗಿದ್ದ ಇವರು ಕವಿ ಹ್ಯೂಗೊ ಫಾನ್ ಹಾಫ್‌ಮನ್‌ಸ್ಟಾಲ್ ಮತ್ತು ಸಂಗೀತಕಾರ ರಿಚರ್ಡ್ ಸ್ಟ್ರಾಸ್ ಮುಂತಾದವರ ಜೊತೆಗೂಡಿ ಸಾಲ್ಜ್‌ಬರ್ಗ್ ಉತ್ಸವವನ್ನು ಸ್ಥಾಪಿಸಿದರು. 1920ರ ಆಗಸ್ಟ್ 22ರಂದು ಕಥೀಡ್ರಲಿನ ಮುಂದಿನ ಚೌಕದಲ್ಲಿ ಹಾಫ್‌ಮನ್‌ಸ್ಟಾಲರ 'ಯೇಡರ್‌ಮನ್' ನಾಟಕವನ್ನು ರೈನ್‌ಹಾರ್ಟ್ ಆಡಿಸಿದುದೇ ಆ ಉತ್ಸವದ ಆರಂಭ. ಮೊದಲನೆಯ ಮಹಾಯುದ್ಧದಲ್ಲಿ ಸೋತು ಸಾಮ್ರಾಜ್ಯವನ್ನು ಕಳೆದುಕೊಂಡಿದ್ದ ದೇಶದಲ್ಲಿ ನಾಟಕ ಮತ್ತು ಸಂಗೀತಗಳ ಮೂಲಕ ಯೂರೋಪಿನವರನ್ನು ಮತ್ತೆ ಒಂದೆಡೆ ಕೂಡಿಸಬೇಕು ಎಂಬುದು ಅದರ ಸ್ಥಾಪಕರ ಆಶಯವಾಗಿತ್ತು.

ರೈನ್‌ಹಾರ್ಟ್ ಸುಮಾರು ಇಪ್ಪತ್ತು ವರ್ಷ ಅರಮನೆಯ ಜೀರ್ಣೋದ್ಧಾರದಲ್ಲಿ ತೊಡಗಿದ್ದರು. ಸ್ವಿಟ್ಜರ್‌ಲೆಂಡಿನ ಸೇಂಟ್ ಗಾಲನ್ ಮಠದ ಗ್ರಂಥಾಲಯವನ್ನು ಮಾದರಿಯಾಗಿಟ್ಟುಕೊಂಡು ಒಂದು ಗ್ರಂಥಾಲಯವನ್ನು ಮಾಡಿಸಿದರು. ವೆನಿಸ್ ಶೈಲಿಯ ಒಂದು ಕೋಣೆಯನ್ನು ಸಜ್ಜುಗೊಳಿಸಿದರು. ಅರಮನೆಯ ಕೋಣೆಗಳನ್ನೂ ತೋಟವನ್ನೂ ರಂಗಸ್ಥಳವಾಗಿ ಬಳಸುತ್ತಿದ್ದರು. ಯೂರೋಪಿನ ಅನೇಕ ಬರಹಗಾರರು, ನಟರು, ಸಂಗೀತಗಾರರು ಅಲ್ಲಿ ಅತಿಥಿಗಳಾಗಿದ್ದರು.

ರೈನ್‌ಹಾರ್ಟ್ ಯಹೂದ್ಯರು. ನಾಜಿಗಳ ಪ್ರಾಬಲ್ಯ ಹೆಚ್ಚಿದಂತೆ ಅವರು ಅಮೆರಿಕಕ್ಕೆ ತೆರಳಿದರು. 1938ರ ಮಾರ್ಚಿಯಲ್ಲಿ ಆಸ್ಟ್ರಿಯ ಹಿಟ್ಲರನ ಜರ್ಮನಿಯೊಳಗೆ ಸೇರಿಹೋದ ಮೇಲೆ ಅರಮನೆಯನ್ನು 'ಯಹೂದ್ಯರ ಆಸ್ತಿ' ಎಂದು ಮುಟ್ಟುಗೋಲು ಹಾಕಿಕೊಳ್ಳಲಾಯಿತು. ತಾವು ಬಹುವಾಗಿ ಪ್ರೀತಿಸಿದ ಆ ಮನೆಯನ್ನು ಮತ್ತೆ ನೋಡದೆಯೇ ರೈನ್‌ಹಾರ್ಟ್ 1943ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನಲ್ಲಿ ನಿಧನರಾದರು. ಯುದ್ಧಾನಂತರ ಆಸ್ತಿ ಅವರ ವಾರಸುದಾರರ ಕಡೆಗೆ ಮರಳಿತು.

ಸ್ಥಾಪನೆ

ಸೆಮಿನಾರಿನ ಕಲ್ಪನೆ ಮೊದಲು ಮೂಡಿದ್ದು ಕ್ಲೆಮೆನ್ಸ್ ಹೆಲ್ಲರ್ (1917–2002) ಅವರಲ್ಲಿ. ಇವರು ವಿಯೆನ್ನಾದಲ್ಲಿ ಹುಟ್ಟಿದವರು. ಇವರ ತಂದೆ ಹ್ಯೂಗೊ ಹೆಲ್ಲರ್ ಪುಸ್ತಕ ವ್ಯಾಪಾರಿ. ಸಿಗ್ಮಂಡ್ ಫ್ರಾಯ್ಡ್ ಅವರ ಕೃತಿಗಳನ್ನು ಪ್ರಕಟಿಸಿದವರು. ನಾಜಿ ಆಕ್ರಮಣದ ಕಾಲದಲ್ಲಿ ದೇಶ ಬಿಟ್ಟು ಅಮೆರಿಕ ಸೇರಿದ ಕ್ಲೆಮೆನ್ಸ್, ಯುದ್ಧ ಮುಗಿದಾಗ ಹಾರ್ವರ್ಡಿನಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಯಾಗಿದ್ದರು. ಪದವಿ ತರಗತಿಯ ವಿದ್ಯಾರ್ಥಿ ರಿಚರ್ಡ್ ಕ್ಯಾಂಬೆಲ್ ಮತ್ತು ಇಂಗ್ಲಿಷ್ ವಿಭಾಗದ ಯುವ ಅಧ್ಯಾಪಕ ಸ್ಕಾಟ್ ಎಲೆಜ್ ಅವರ ಜೊತೆಗೂಡಿದರು.

ಯುದ್ಧದಿಂದ ಜರ್ಜರಿತವಾದ ಯೂರೋಪಿನಲ್ಲಿ ಆಹಾರ, ಬಟ್ಟೆ, ಕಲ್ಲಿದ್ದಲುಗಳ ಕೊರತೆಯನ್ನು ನೀಗಿಸಲು ಆಗ ಹಲವು ಸಂಸ್ಥೆಗಳು ಕೆಲಸ ಮಾಡುತ್ತಿದ್ದವು. ಅದರಷ್ಟೇ ಅಗತ್ಯವಾದ ಇನ್ನೊಂದು ಕೊರತೆಯೂ ಇದೆ ಎಂಬುದು ಹೆಲ್ಲರ್ ಅವರ ವಾದವಾಗಿತ್ತು. ಯೂರೋಪಿನ ಒಂದು ಇಡೀ ತಲೆಮಾರು ಏಳೆಂಟು ವರ್ಷ ಹೊರಗಿನ ಪುಸ್ತಕಗಳನ್ನು ಕಂಡಿರಲಿಲ್ಲ. ನೆರೆಯ ದೇಶದ ಸಮವಯಸ್ಕರನ್ನು ಬಂದೂಕಿನ ಎದುರಲ್ಲಿ ಹೊರತು ಬೇರೆ ಕಡೆ ಭೇಟಿಯಾಗಿರಲಿಲ್ಲ. ಅವರೆಲ್ಲ ಒಂದೇ ಸೂರಿನಡಿ ಕೆಲವು ವಾರ ಕೂಡಿ ಓದಿ, ಚರ್ಚಿಸುವಂತಾಗಬೇಕು ಎಂದು ಈ ಮೂವರು ಬಯಸಿದರು.

ಹಾರ್ವರ್ಡ್ ವಿಶ್ವವಿದ್ಯಾಲಯದ ಆಡಳಿತ ಈ ಯೋಜನೆಯ ಹೊಣೆ ಹೊರಲು ಮುಂದೆ ಬರಲಿಲ್ಲ. ಅಲ್ಲಿನ ವಿದ್ಯಾರ್ಥಿ ಮಂಡಲಿ ಅದನ್ನು ತನ್ನದಾಗಿಸಿಕೊಂಡು ಹಣ ಕೂಡಿಸಿತು. ಜಿನೀವಾದ ಅಂತರರಾಷ್ಟ್ರೀಯ ವಿದ್ಯಾರ್ಥಿ ಸೇವಾ ಸಂಸ್ಥೆಯ ಸಹಕಾರವೂ ಒದಗಿತು. ಸ್ಥಳದ ಪ್ರಶ್ನೆ ಬಗೆಹರಿದದ್ದು ರೈನ್‌ಹಾರ್ಟ್ ಅವರ ಪತ್ನಿ, ನಟಿ ಹೆಲೆನೆ ಟಿಮಿಗ್ ಅವರಿಂದ. ಹೆಲ್ಲರ್ ಅವರಿಗೆ ನ್ಯೂಯಾರ್ಕಿನಲ್ಲಿ ಭೇಟಿಯಾದ ಆಕೆ ಲೆಯೊಪೋಲ್ಡ್ಸ್‌ಕ್ರೋನ್ ಅರಮನೆಯನ್ನು ಶಿಬಿರಕ್ಕೆ ಬಿಟ್ಟುಕೊಡಲು ಒಪ್ಪಿದರು.

ಯೂರೋಪಿನ ಆರ್ಥಿಕ ಪುನರ್ನಿರ್ಮಾಣಕ್ಕೆ ನೆರವು ನೀಡುವ ವಿಚಾರವನ್ನು ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಜಾರ್ಜ್ ಮಾರ್ಷಲ್ 1947ರ ಜೂನ್ 5ರಂದು ಇದೇ ಹಾರ್ವರ್ಡಿನಲ್ಲಿ ಪ್ರಕಟಿಸಿದರು. ವಿದ್ಯಾರ್ಥಿಗಳ ಸಿದ್ಧತೆ ಅದಕ್ಕೂ ಮೊದಲೇ ನಡೆದಿತ್ತು. ಆದರೂ ಎರಡೂ ಒಂದೇ ಬೇಸಿಗೆಯ ಘಟನೆಗಳಾದುದರಿಂದ ಸೆಮಿನಾರನ್ನು 'ಮನಸ್ಸಿನ ಮಾರ್ಷಲ್ ಯೋಜನೆ' ಎಂದು ಕರೆಯುವ ರೂಢಿ ಬೆಳೆಯಿತು.

1947ರ ಮೊದಲ ಶಿಬಿರ

ಆಗ ಆಸ್ಟ್ರಿಯ ಅಮೆರಿಕ, ಬ್ರಿಟನ್, ಫ್ರಾನ್ಸ್ ಮತ್ತು ಸೋವಿಯತ್ ಒಕ್ಕೂಟಗಳ ಸೇನೆಗಳ ಹತೋಟಿಯಲ್ಲಿತ್ತು. ಸಾಲ್ಜ್‌ಬರ್ಗ್ ಅಮೆರಿಕದ ವಲಯಕ್ಕೆ ಸೇರಿತ್ತು. 1944ರ ಅಕ್ಟೋಬರಿನಲ್ಲಿ ಅಮೆರಿಕದ ವಿಮಾನಗಳು ಹಾಕಿದ ಬಾಂಬಿಗೆ ಕಥೀಡ್ರಲಿನ ಗುಮ್ಮಟ ಕುಸಿದಿದ್ದು, ಇನ್ನೂ ದುರಸ್ತಿಯಾಗಿರಲಿಲ್ಲ. ಅದೇ ಊರಿಗೆ ಅಮೆರಿಕದ ಅಧ್ಯಾಪಕರು ಪುಸ್ತಕದ ಪೆಟ್ಟಿಗೆಗಳನ್ನು ಹೊತ್ತು ಬಂದರು.

ಆರು ವಾರಗಳ ಈ ಶಿಬಿರಕ್ಕೆ 18 ದೇಶಗಳ ತೊಂಬತ್ತಕ್ಕೂ ಹೆಚ್ಚು ಮಂದಿ ಬಂದಿದ್ದರು. ಅವರಲ್ಲಿ ವಿದ್ಯಾರ್ಥಿಗಳು, ಯುವ ಅಧ್ಯಾಪಕರು, ಬರಹಗಾರರು ಇದ್ದರು. ಜರ್ಮನ್ ಸೇನೆಯಲ್ಲಿ ದುಡಿದವರೂ ಆ ಸೇನೆಯ ವಿರುದ್ಧ ಭೂಗತರಾಗಿ ಹೋರಾಡಿದವರೂ ಒಂದೇ ಊಟದ ಮೇಜಿಗೆ ಕೂತರು. ಜೆಕೊಸ್ಲೊವಾಕಿಯ, ಹಂಗೇರಿಗಳಿಂದಲೂ ಶಿಬಿರಾರ್ಥಿಗಳು ಬಂದಿದ್ದರು. ವಸತಿ ಸಾಮೂಹಿಕವಾಗಿತ್ತು, ಆಹಾರ ಅಭಾವದ ಕಾಲವಾದ್ದರಿಂದ ಸಾಮಗ್ರಿಯನ್ನು ಹೊರಗಿನಿಂದ ತರಿಸಬೇಕಾಗಿತ್ತು.

ಪಾಠ ಹೇಳಿದವರಲ್ಲಿ ಮುಖ್ಯರಾದವರು ಇವರು:

ಎಫ್. ಓ. ಮ್ಯಾಥೀಸನ್: ಹಾರ್ವರ್ಡಿನ ಸಾಹಿತ್ಯ ಪ್ರಾಧ್ಯಾಪಕರು, 1941ರಲ್ಲಿ ಪ್ರಕಟವಾದ 'ಅಮೆರಿಕನ್ ರಿನೇಸಾನ್ಸ್' ಎಂಬ ವಿಮರ್ಶಾ ಗ್ರಂಥದ ಕರ್ತೃ. ಶಿಬಿರದ ಆರಂಭದ ಉಪನ್ಯಾಸ ಇವರದು.
ಮಾರ್ಗರೆಟ್ ಮೀಡ್: ಪ್ರಸಿದ್ಧ ಮಾನವಶಾಸ್ತ್ರಜ್ಞೆ. ಪಾಠ ಹೇಳಿದುದರ ಜೊತೆಗೆ ಈ ಶಿಬಿರವನ್ನು ಕುರಿತು ಒಂದು ವರದಿಯನ್ನೂ ಬರೆದರು.
ವಾಸಿಲಿ ಲಿಯೊಂಟಿಯೆಫ್: ಅರ್ಥಶಾಸ್ತ್ರಜ್ಞರು, 1973ರಲ್ಲಿ ನೊಬೆಲ್ ಪ್ರಶಸ್ತಿ ಪಡೆದರು.
ಆಲ್‌ಫ್ರೆಡ್ ಕೇಜಿನ್: ಸಾಹಿತ್ಯ ವಿಮರ್ಶಕರು, 1942ರಲ್ಲಿ ಪ್ರಕಟವಾದ 'ಆನ್ ನೇಟಿವ್ ಗ್ರೌಂಡ್ಸ್' ಇವರ ಹೆಸರಾಂತ ಕೃತಿ.

ತಮ್ಮ ದೇಶವನ್ನು ಹೊಗಳಲು ಈ ಅಧ್ಯಾಪಕರು ಬಂದಿರಲಿಲ್ಲ. ಅಮೆರಿಕದ ಕುಂದುಕೊರತೆಗಳನ್ನೂ ಅವರು ಮುಚ್ಚಿಡದೆ ಚರ್ಚೆಗೆ ಒಡ್ಡಿದರು. ಹನ್ನೆರಡು ವರ್ಷ ಸರ್ಕಾರಿ ಪ್ರಚಾರವನ್ನು ಕೇಳಿ ಬೇಸತ್ತಿದ್ದ ಜರ್ಮನ್ ಭಾಷಿಕ ಶ್ರೋತೃಗಳಿಗೆ, ಅಧ್ಯಾಪಕನೊಬ್ಬ ತನ್ನ ನಾಡನ್ನು ಬಹಿರಂಗವಾಗಿ ವಿಮರ್ಶಿಸುವುದೇ ಹೊಸ ಅನುಭವವಾಗಿತ್ತು.

ಸಂಶಯದ ವರ್ಷಗಳು

ಶಿಬಿರದ ಈ ಮುಕ್ತತೆಯೇ ಅದರ ಸ್ಥಾಪಕರಿಗೆ ತೊಡಕನ್ನು ತಂದಿತು. ಅಮೆರಿಕ ಮತ್ತು ಸೋವಿಯತ್ ಒಕ್ಕೂಟಗಳ ನಡುವೆ ಶೀತಲ ಸಮರ ತೀವ್ರವಾಗುತ್ತಿದ್ದ ಕಾಲವದು. ಶಿಬಿರದಲ್ಲಿ ಎಡಪಂಥೀಯ ಒಲವಿನವರು ಇದ್ದಾರೆ ಎಂಬ ಶಂಕೆ ಆಸ್ಟ್ರಿಯದಲ್ಲಿದ್ದ ಅಮೆರಿಕದ ಸೇನಾಧಿಕಾರಿಗಳಲ್ಲಿ ಮೂಡಿತು. ಪರಿಣಾಮವಾಗಿ, ಸೆಮಿನಾರಿನ ಕಲ್ಪನೆಯನ್ನು ಕೊಟ್ಟ ಹೆಲ್ಲರ್ ಅವರಿಗೇ ತಮ್ಮ ಹುಟ್ಟುನಾಡಿನೊಳಕ್ಕೆ ಪ್ರವೇಶ ನಿರಾಕರಿಸಲಾಯಿತು. ಅವರು ಪ್ಯಾರಿಸಿನಲ್ಲಿ ನೆಲೆಸಿ, ಚರಿತ್ರಕಾರ ಫರ್ನಾಂಡ್ ಬ್ರೋಡೆಲ್ ಅವರ ನಿಕಟ ಸಹೋದ್ಯೋಗಿಯಾಗಿ, ಮಾನವಿಕ ಶಾಸ್ತ್ರಗಳ ಸಂಶೋಧನೆಗೆ ಮೀಸಲಾದ 'ಮೇಜಾಂ ದೆ ಸಿಯಾನ್ಸ್ ದ ಲೊಮ್' ಎಂಬ ಸಂಸ್ಥೆಯನ್ನು ಕಟ್ಟುವುದರಲ್ಲಿ ಪ್ರಮುಖ ಪಾತ್ರ ವಹಿಸಿದರು.

ಮ್ಯಾಥೀಸನ್ ಅವರ ಕಥೆ ಇನ್ನೂ ದುಃಖಕರವಾದುದು. ಸಾಲ್ಜ್‌ಬರ್ಗಿನಿಂದ ಅವರು ಪಾಠ ಹೇಳಲು ಪ್ರಾಗಿಗೆ ಹೋದರು. ಆ ಪ್ರವಾಸದ ಅನುಭವಗಳನ್ನು 'ಫ್ರಮ್ ದ ಹಾರ್ಟ್ ಆಫ್ ಯೂರೋಪ್' (1948) ಎಂಬ ಪುಸ್ತಕದಲ್ಲಿ ದಾಖಲಿಸಿದರು. ಪುಸ್ತಕ ಹೊರಬರುವ ಹೊತ್ತಿಗೆ, 1948ರ ಫೆಬ್ರುವರಿಯಲ್ಲಿ, ಜೆಕೊಸ್ಲೊವಾಕಿಯದ ಆಡಳಿತವನ್ನು ಕಮ್ಯುನಿಸ್ಟರು ಪೂರ್ಣವಾಗಿ ವಶಪಡಿಸಿಕೊಂಡಿದ್ದರು. ಆ ದೇಶದ ಬಗ್ಗೆ ಲೇಖಕರು ಇಟ್ಟುಕೊಂಡಿದ್ದ ಭರವಸೆ ಕಟು ಟೀಕೆಗೆ ಗುರಿಯಾಯಿತು. 1950ರ ಏಪ್ರಿಲ್ 1ರಂದು ಅವರು ಬಾಸ್ಟನ್ನಿನಲ್ಲಿ ಆತ್ಮಹತ್ಯೆ ಮಾಡಿಕೊಂಡರು. ಪೂರ್ವ ಯೂರೋಪಿನಿಂದ ಶಿಬಿರಾರ್ಥಿಗಳು ಬರುವುದೂ ಈ ಅವಧಿಯಲ್ಲಿ ನಿಂತಿತು. ಹಲವು ವರ್ಷಗಳ ಬಳಿಕವಷ್ಟೇ ಅದು ಪುನರಾರಂಭವಾಯಿತು.

ಸಂಸ್ಥೆಯಾಗಿ ಬೆಳವಣಿಗೆ

ಒಂದೇ ಬೇಸಿಗೆಯ ಕೆಲಸವೆಂದು ಆರಂಭವಾದುದು ಶಿಬಿರಾರ್ಥಿಗಳ ಒತ್ತಾಯದಿಂದ ಮುಂದುವರಿಯಿತು. 1950ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಸಂಸ್ಥೆ ನೋಂದಣಿಯಾಯಿತು. ಇತಿಹಾಸಕಾರ ಡೆಕ್ಸ್‌ಟರ್ ಪರ್ಕಿನ್ಸ್ ಮೊದಲ ಅಧ್ಯಕ್ಷರಾದರು. ರಾಕ್‌ಫೆಲರ್ ಮತ್ತು ಫೋರ್ಡ್ ಪ್ರತಿಷ್ಠಾನಗಳು ಧನಸಹಾಯ ನೀಡಿದವು. 1959ರಲ್ಲಿ ಸಂಸ್ಥೆ ಅರಮನೆಯನ್ನು ಕೊಂಡುಕೊಂಡಿತು. 1973ರಲ್ಲಿ, ಮೂಲ ಎಸ್ಟೇಟಿಗೆ ಸೇರಿದ್ದ ಪಕ್ಕದ ಮೈಯರ್‌ಹೋಫ್ ಕಟ್ಟಡವೂ ಅದರ ಒಡೆತನಕ್ಕೆ ಬಂತು.

ಆ ದಶಕದಲ್ಲಿ ಇಲ್ಲಿಗೆ ಬಂದ ಅಮೆರಿಕದ ಲೇಖಕರಲ್ಲಿ ಕಾದಂಬರಿಕಾರ ಸಾಲ್ ಬೆಲ್ಲೊ, ಕವಿ ರಾಬರ್ಟ್ ಲೊವೆಲ್ ಮತ್ತು ಕಾದಂಬರಿಕಾರ ರಾಲ್ಫ್ ಎಲಿಸನ್ ಪ್ರಮುಖರು. ಬೆಲ್ಲೊ ಅವರು 'ದಿ ಅಡ್ವೆಂಚರ್ಸ್ ಆಫ್ ಆಗೀ ಮಾರ್ಚ್' (1953) ಕಾದಂಬರಿಯ ಕೆಲವು ಭಾಗಗಳನ್ನು ಸಾಲ್ಜ್‌ಬರ್ಗಿನಲ್ಲಿಯೇ ಬರೆದರು. 'ಇನ್‌ವಿಸಿಬಲ್ ಮ್ಯಾನ್' (1952) ಕಾದಂಬರಿಯ ಮೂಲಕ ಕಪ್ಪು ಅಮೆರಿಕನ್ನರ ಬದುಕಿನ ಸಂಕಟವನ್ನು ಜಗತ್ತಿಗೆ ತಿಳಿಸಿದ ಎಲಿಸನ್ ಇಲ್ಲಿ ಪಾಠ ಹೇಳಿದ್ದು 1954ರಲ್ಲಿ. ಶಾಲೆಗಳಲ್ಲಿ ಬಣ್ಣದ ಆಧಾರದ ಮೇಲೆ ಮಕ್ಕಳನ್ನು ಬೇರ್ಪಡಿಸುವುದು ಸಂವಿಧಾನಕ್ಕೆ ವಿರುದ್ಧವೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತುದು ಅದೇ ವರ್ಷದ ಮೇ ತಿಂಗಳಲ್ಲಿ.

ಹಳೆಯ ಶಿಬಿರಾರ್ಥಿಗಳ ಕೂಟ

ಹಳೆಯ ಶಿಬಿರಾರ್ಥಿಗಳ ಸಂಪರ್ಕದಿಂದ ಶಾಶ್ವತವಾದ ಸಂಸ್ಥೆಗಳು ಹುಟ್ಟಬಲ್ಲವು ಎಂಬುದಕ್ಕೆ ಮೊದಲ ದೊಡ್ಡ ನಿದರ್ಶನ 1954ರಲ್ಲಿ ಕಾಣಸಿಗುತ್ತದೆ. ಅಮೆರಿಕದ ಸಾಹಿತ್ಯ ಮತ್ತು ಚರಿತ್ರೆಯನ್ನು ಬೋಧಿಸುತ್ತಿದ್ದ ಯೂರೋಪಿನ ಅಧ್ಯಾಪಕರು ಆ ವರ್ಷ ಸಾಲ್ಜ್‌ಬರ್ಗಿನಲ್ಲಿ ಸೇರಿ 'ಅಮೆರಿಕನ್ ಅಧ್ಯಯನಗಳ ಯೂರೋಪಿಯನ್ ಸಂಘ'ವನ್ನು ಸ್ಥಾಪಿಸಿದರು. ಅದುವರೆಗೆ ಯೂರೋಪಿನ ಹೆಚ್ಚಿನ ವಿಶ್ವವಿದ್ಯಾಲಯಗಳಲ್ಲಿ ಅಮೆರಿಕನ್ ಸಾಹಿತ್ಯ ಇಂಗ್ಲಿಷ್ ಸಾಹಿತ್ಯದ ಒಂದು ಚಿಕ್ಕ ಕವಲಾಗಿತ್ತು. ಅದು ಪ್ರತ್ಯೇಕ ಅಧ್ಯಯನ ವಿಷಯವಾಗಿ ಬೆಳೆಯುವುದಕ್ಕೆ ಈ ಸಂಘ ನೆರವಾಯಿತು. ಆ ಸಂಘ ಇಂದಿಗೂ ಕಾರ್ಯನಿರತವಾಗಿದೆ.

ಇಂದು ಫೆಲೊಗಳ ಸಂಪರ್ಕ ಮೂರು ಬಗೆಯಲ್ಲಿ ನಡೆಯುತ್ತದೆ. ಒಂದು, ಆಯಾ ನಗರ ಅಥವಾ ದೇಶದ ಫೆಲೊಗಳು ತಮ್ಮೊಳಗೆ ಸೇರುವುದು. ಎರಡು, ಹಿಂದೆ ಶಿಬಿರಾರ್ಥಿಯಾಗಿದ್ದವರು ಮುಂದಿನ ಶಿಬಿರಗಳಿಗೆ ಮಾರ್ಗದರ್ಶಕರಾಗಿ ಅಥವಾ ಉಪನ್ಯಾಸಕರಾಗಿ ಅರಮನೆಗೆ ಮರಳುವುದು. ಮೂರು, ಬೇರೆ ಬೇರೆ ದೇಶಗಳ ಇಬ್ಬರು ಮೂವರು ಫೆಲೊಗಳು ಕೂಡಿ ಒಂದು ಹೊಸ ಕೆಲಸವನ್ನು ಕೈಗೊಳ್ಳುವುದು.

ಕಲೆ ಮತ್ತು ಸಂಸ್ಕೃತಿ ಕ್ಷೇತ್ರದ ಶಿಬಿರಗಳು

ಕಲೆ ಮತ್ತು ಸಂಸ್ಕೃತಿ ಸೆಮಿನಾರಿನ ಸ್ಥಾಯೀ ವಿಷಯಗಳಲ್ಲಿ ಒಂದಾಗಿದೆ. ಕಲಾವಿದರಷ್ಟೇ ಅಲ್ಲದೆ ವಸ್ತುಸಂಗ್ರಹಾಲಯ, ಗ್ರಂಥಾಲಯ, ರಂಗಮಂದಿರಗಳನ್ನು ನಡೆಸುವವರು, ಸಾಂಸ್ಕೃತಿಕ ಆಡಳಿತಗಾರರು, ಧನಸಹಾಯ ನೀಡುವ ಪ್ರತಿಷ್ಠಾನಗಳ ಪ್ರತಿನಿಧಿಗಳು ಇಂತಹ ಶಿಬಿರಗಳಲ್ಲಿ ಪಾಲ್ಗೊಳ್ಳುತ್ತಾರೆ.

2009ರ ಅಕ್ಟೋಬರಿನಲ್ಲಿ ಸಾಂಸ್ಕೃತಿಕ ಪರಂಪರೆಯ ಸಂರಕ್ಷಣೆಯನ್ನು ಕುರಿತು ನಡೆದ ಶಿಬಿರದ ಫಲವಾಗಿ ಒಂದು 'ಸಾಲ್ಜ್‌ಬರ್ಗ್ ಘೋಷಣೆ' ಹೊರಬಂತು. ಹಳೆಯ ಗ್ರಂಥ, ಚಿತ್ರ, ಕಟ್ಟಡ, ವಸ್ತುಗಳನ್ನು ಉಳಿಸುವ ಕೆಲಸಕ್ಕೆ ಸರ್ಕಾರಗಳೂ ಖಾಸಗಿ ವಲಯವೂ ಒತ್ತು ಕೊಡಬೇಕು, ಸ್ಥಳೀಯ ಜನರನ್ನು ಅದರಲ್ಲಿ ತೊಡಗಿಸಬೇಕು, ಸಂಶೋಧನೆಗೆ ಬೆಂಬಲ ಸಿಗಬೇಕು ಎಂಬುದು ಅದರ ತಿರುಳು. 2011ರಲ್ಲಿ ಗ್ರಂಥಾಲಯ ಮತ್ತು ವಸ್ತುಸಂಗ್ರಹಾಲಯಗಳಲ್ಲಿ ಸಾರ್ವಜನಿಕರ ಪಾಲುಗಾರಿಕೆಯನ್ನು ಕುರಿತ ಶಿಬಿರವೊಂದು ನಡೆಯಿತು.

ಭಾಷೆಯ ವಿಷಯದಲ್ಲಿಯೂ ಒಂದು ಮುಖ್ಯ ಹೇಳಿಕೆ ಇಲ್ಲಿ ರೂಪುಗೊಂಡಿತು. 2017ರ ಡಿಸೆಂಬರಿನ ಶಿಬಿರದಲ್ಲಿ ಸಿದ್ಧವಾದ 'ಬಹುಭಾಷಿಕ ಜಗತ್ತಿಗಾಗಿ ಸಾಲ್ಜ್‌ಬರ್ಗ್ ಹೇಳಿಕೆ'ಯನ್ನು 2018ರ ಫೆಬ್ರುವರಿಯಲ್ಲಿ, ಅಂತರರಾಷ್ಟ್ರೀಯ ತಾಯ್ನುಡಿ ದಿನದ ಸಂದರ್ಭದಲ್ಲಿ ಪ್ರಕಟಿಸಲಾಯಿತು. ಬಹುಭಾಷಿಕತೆಯನ್ನು ಹೊರೆಯೆಂದು ಭಾವಿಸದೆ ಸಂಪತ್ತೆಂದು ಪರಿಗಣಿಸಬೇಕು, ಶಿಕ್ಷಣ ಮತ್ತು ಆಡಳಿತಗಳ ನೀತಿ ಅದಕ್ಕೆ ಅನುಗುಣವಾಗಿರಬೇಕು ಎಂದು ಅದು ಕರೆ ನೀಡಿತು. ಅದು ಹಲವು ಭಾಷೆಗಳಿಗೆ ಅನುವಾದಗೊಂಡಿದೆ. ಇಂತಹ ಹೇಳಿಕೆಗಳಿಗೆ ಕಾನೂನಿನ ಬಲವಿಲ್ಲ. ಫೆಲೊಗಳು ತಮ್ಮ ತಮ್ಮ ದೇಶಗಳಲ್ಲಿ ಅವುಗಳನ್ನು ಮುಂದಿಟ್ಟು ವಾದಿಸಬಹುದು ಎಂಬುದೇ ಅವುಗಳ ಪ್ರಯೋಜನ.

ಯುವ ಸಾಂಸ್ಕೃತಿಕ ಮುಂದಾಳುಗಳ ವೇದಿಕೆ

2014ರಲ್ಲಿ ಆರಂಭವಾದ 'ಯಂಗ್ ಕಲ್ಚರಲ್ ಇನ್ನೊವೇಟರ್ಸ್' ವೇದಿಕೆ, ಕಲೆಯ ಮೂಲಕ ಸಮಾಜದಲ್ಲಿ ಬದಲಾವಣೆ ತರಲು ಯತ್ನಿಸುತ್ತಿರುವ ಯುವಜನರ ನಾಯಕತ್ವ ತರಬೇತಿಗಾಗಿ ರೂಪಿತವಾದುದು. ಪ್ರತಿ ಶಿಬಿರಕ್ಕೂ ಸುಮಾರು ಐವತ್ತು ಮಂದಿ ಆಯ್ಕೆಯಾಗುತ್ತಾರೆ. ನಟರು, ನೃತ್ಯಗಾರರು, ಚಿತ್ರಕಾರರು, ಕವಿಗಳು, ವಿನ್ಯಾಸಕಾರರು, ಚಲನಚಿತ್ರ ನಿರ್ಮಾಪಕರು, ಸಮುದಾಯ ಸಂಘಟಕರು, ಹೀಗೆ ಹಲವು ಬಗೆಯವರು ಅವರಲ್ಲಿರುತ್ತಾರೆ.

ಆಯ್ಕೆಯ ಕ್ರಮ ಈ ವೇದಿಕೆಯ ವಿಶೇಷ. ಬಿಡಿ ವ್ಯಕ್ತಿಗಳನ್ನು ಜಗತ್ತಿನ ಮೂಲೆಮೂಲೆಯಿಂದ ಆರಿಸುವ ಬದಲು, ಗೊತ್ತುಪಡಿಸಿದ ಕೆಲವು ನಗರ ಅಥವಾ ಪ್ರದೇಶಗಳಿಂದ ಗುಂಪಾಗಿ ಆರಿಸಲಾಗುತ್ತದೆ. ಡೆಟ್ರಾಯಿಟ್, ಮೆಂಫಿಸ್, ನ್ಯೂ ಆರ್ಲಿಯನ್ಸ್, ಬಾಲ್ಟಿಮೋರ್, ಅಥೆನ್ಸ್, ರಾಟರ್‌ಡ್ಯಾಂ, ಟಿರಾನಾ, ಕೇಪ್ ಟೌನ್, ಬ್ಯೂನಸ್ ಐರಿಸ್, ಸೋಲ್, ಟೋಕಿಯೊ, ಮನಿಲಾ ಮೊದಲಾದವು ಇಂತಹ ಕೇಂದ್ರಗಳು. ಶಿಬಿರ ಮುಗಿಸಿ ಊರಿಗೆ ಮರಳಿದವನು ಒಂಟಿಯಾದರೆ ಅಲ್ಲಿ ಕಲಿತುದು ಬೇಗ ಮಸುಕಾಗುತ್ತದೆ. ಅದೇ ಊರಿನ ನಾಲ್ಕೈದು ಮಂದಿ ಜೊತೆಯಲ್ಲಿ ಹೋಗಿ ಬಂದಿದ್ದರೆ, ಮುಂದಿನ ವರ್ಷಗಳ ಶಿಬಿರಾರ್ಥಿಗಳೂ ಅವರಿಗೆ ಸೇರಿಕೊಂಡು ಒಂದು ಸ್ಥಳೀಯ ಬಳಗ ಬೆಳೆಯುತ್ತದೆ ಎಂಬುದು ಇದರ ಹಿಂದಿನ ತರ್ಕ. ಅಮೆರಿಕದ ನಗರಗಳ ಫೆಲೊಗಳು ತಮ್ಮಲ್ಲಿಯೇ ಒಂದು ಊರಿನವರ ಆತಿಥ್ಯದಲ್ಲಿ ಪ್ರಾದೇಶಿಕ ಸಭೆ ಸೇರುವ ಪದ್ಧತಿಯೂ ಉಂಟು. ಈ ನಗರಗಳ ಪೈಕಿ ಕೆಲವಕ್ಕೆ ಕ್ರೆಸ್ಗಿ ಪ್ರತಿಷ್ಠಾನ ನೆರವು ನೀಡಿದೆ.

ಕೇಂದ್ರಗಳ ಪಟ್ಟಿಯನ್ನು ಗಮನಿಸಿದರೆ ಇನ್ನೊಂದು ಅಂಶ ತಿಳಿಯುತ್ತದೆ. ಕಾರ್ಖಾನೆಗಳು ಮುಚ್ಚಿ, 2013ರಲ್ಲಿ ಪುರಸಭೆಯೇ ದಿವಾಳಿಯೆಂದು ಘೋಷಿಸಿಕೊಂಡ ಡೆಟ್ರಾಯಿಟ್. 2005ರಲ್ಲಿ ಕತ್ರಿನಾ ಚಂಡಮಾರುತಕ್ಕೆ ತುತ್ತಾದ ನ್ಯೂ ಆರ್ಲಿಯನ್ಸ್. ಸಾಲದ ಬಿಕ್ಕಟ್ಟಿನಲ್ಲಿ ನರಳಿದ ಗ್ರೀಸ್ ದೇಶದ ಅಥೆನ್ಸ್. ವರ್ಣಭೇದ ನೀತಿಯ ನೆನಪು ಇನ್ನೂ ಮಾಸದ ಕೇಪ್ ಟೌನ್. ಪೆಟ್ಟು ತಿಂದು ಚೇತರಿಸಿಕೊಳ್ಳುತ್ತಿರುವ ಊರುಗಳು ಇವರಲ್ಲಿ ಹಲವು. 1947ರಲ್ಲಿ ಸಾಲ್ಜ್‌ಬರ್ಗ್ ಕೂಡ ಅಂತಹ ಒಂದು ಊರಾಗಿತ್ತು.

ಶಿಬಿರದ ದಿನಚರಿ

ಶಿಬಿರಗಳು ಸಾಮಾನ್ಯವಾಗಿ ಕೆಲವು ದಿನಗಳಿಂದ ಒಂದು ವಾರದವರೆಗೆ ನಡೆಯುತ್ತವೆ. ಆರಂಭದ ಕಾಲದ ಆರು ವಾರಗಳ ಶಿಬಿರಗಳು ಈಗಿಲ್ಲ. ಎಲ್ಲರೂ ಅರಮನೆಯ ಆವರಣದಲ್ಲಿಯೇ ತಂಗಿ, ಒಟ್ಟಿಗೆ ಊಟ ಮಾಡುತ್ತಾರೆ. ಇಡೀ ಸಭೆಯ ಚರ್ಚೆ, ಚಿಕ್ಕ ಗುಂಪುಗಳ ಕಾರ್ಯಾಗಾರ ಮತ್ತು ಅನೌಪಚಾರಿಕ ಮಾತುಕತೆ ಇವು ಮೂರೂ ದಿನಚರಿಯ ಅಂಗಗಳು. ಕಲಾ ನಾಯಕತ್ವದ ಶಿಬಿರಗಳಲ್ಲಿ ಕಥನ ಕೌಶಲ, ನಾಯಕತ್ವದ ಮೌಲ್ಯಗಳು, ಹೊಸ ಯೋಜನೆಯನ್ನು ರೂಪಿಸುವ ಬಗೆ ಮೊದಲಾದ ವಿಷಯಗಳಿಗೆ ಒತ್ತು ಇರುತ್ತದೆ. ವ್ಯವಹಾರದ ಭಾಷೆ ಇಂಗ್ಲಿಷ್.

ಮೌಲ್ಯಮಾಪನ ಮತ್ತು ಚರ್ಚೆ

ಶೀತಲ ಸಮರದ ಕಾಲದ ಸಾಂಸ್ಕೃತಿಕ ರಾಜತಾಂತ್ರಿಕತೆಯನ್ನು ಅಧ್ಯಯನ ಮಾಡುವ ಇತಿಹಾಸಕಾರರು ಸಾಲ್ಜ್‌ಬರ್ಗ್ ಸೆಮಿನಾರನ್ನು ಎರಡು ದೃಷ್ಟಿಗಳಿಂದ ನೋಡುತ್ತಾರೆ. ಯೂರೋಪಿನ ಬುದ್ಧಿಜೀವಿಗಳಲ್ಲಿ ಅಮೆರಿಕದ ಬಗ್ಗೆ ಸದಭಿಪ್ರಾಯ ಮೂಡಿಸಿದ ಪ್ರಭಾವಶಾಲಿ ಸಾಧನ ಇದಾಗಿತ್ತು ಎಂಬುದು ಒಂದು ನೋಟ. ಸರ್ಕಾರದ ಹೊರಗೆ, ವಿದ್ಯಾರ್ಥಿಗಳಿಂದ ಹುಟ್ಟಿ, ಸರ್ಕಾರದ ಸಂಶಯಕ್ಕೂ ಗುರಿಯಾದ ಸಂಸ್ಥೆಯನ್ನು ಪ್ರಚಾರದ ಯಂತ್ರವೆಂದು ಕರೆಯುವುದು ಸರಿಯಲ್ಲ ಎಂಬುದು ಇನ್ನೊಂದು. ಅಧ್ಯಾಪಕರ ಸ್ವವಿಮರ್ಶೆಯೇ ಶ್ರೋತೃಗಳಲ್ಲಿ ನಂಬಿಕೆ ಹುಟ್ಟಿಸಿತು ಎಂಬುದನ್ನು ಗಮನಿಸಿದರೆ, ಈ ಎರಡು ನೋಟಗಳು ಪೂರ್ತಿಯಾಗಿ ಪರಸ್ಪರ ವಿರುದ್ಧವಾದುವಲ್ಲ ಎನ್ನಬಹುದು.

ಇಂತಹ ಅಂತರರಾಷ್ಟ್ರೀಯ ಕೂಟಗಳನ್ನು ಕುರಿತು ಸಾಮಾನ್ಯವಾಗಿ ಕೇಳಿಬರುವ ಪ್ರಶ್ನೆಗಳು ಇದಕ್ಕೂ ಅನ್ವಯಿಸುತ್ತವೆ. ಇಂಗ್ಲಿಷ್ ಬಲ್ಲವರಿಗಷ್ಟೇ ಇಲ್ಲಿ ಪ್ರವೇಶ ಸುಲಭ. ತಮ್ಮ ಊರಿನ ಭಾಷೆಯಲ್ಲಿಯೇ ಕೆಲಸ ಮಾಡುವ ಜನಪದ ಕಲಾವಿದರು, ಸಣ್ಣ ಊರುಗಳ ರಂಗಕರ್ಮಿಗಳು ಹೊರಗುಳಿಯುವ ಸಂಭವ ಹೆಚ್ಚು. ಧನಸಹಾಯ ದೊರೆತ ನಗರಗಳಿಂದ ಮಾತ್ರ ಗುಂಪುಗಳು ಬರುವುದರಿಂದ, ಯಾವ ಊರಿನವರು ಕಲಾ ನಾಯಕರಾಗಬೇಕು ಎಂಬುದನ್ನು ಪ್ರತಿಷ್ಠಾನಗಳ ಆದ್ಯತೆ ನಿರ್ಧರಿಸಿದಂತಾಗುತ್ತದೆ. ಶಿಬಿರದ ಫಲವನ್ನು ಅಳೆಯುವುದೂ ಕಷ್ಟ: ಇಬ್ಬರು ಫೆಲೊಗಳ ಪರಿಚಯ ಒಂದು ಸಂಸ್ಥೆಯಾಗಿ ಬೆಳೆಯಲು ಏಳು ವರ್ಷ ಹಿಡಿಯಬಹುದು, ಅಥವಾ ಏನೂ ಆಗದೆಯೂ ಇರಬಹುದು.

ಅರಮನೆ: ಚಲನಚಿತ್ರ ಮತ್ತು ಪ್ರವಾಸೋದ್ಯಮ

1965ರ ಹಾಲಿವುಡ್ ಚಲನಚಿತ್ರ 'ದ ಸೌಂಡ್ ಆಫ್ ಮ್ಯೂಸಿಕ್' ಮೂಲಕ ಲೆಯೊಪೋಲ್ಡ್ಸ್‌ಕ್ರೋನ್ ಪರಿಸರ ಜಗತ್ತಿನ ಪ್ರೇಕ್ಷಕರಿಗೆ ಪರಿಚಿತವಾಯಿತು. ಚಿತ್ರದ ಕೆರೆದಂಡೆಯ ದೃಶ್ಯಗಳನ್ನು ಪಕ್ಕದ ಜಮೀನಿನಲ್ಲಿ ಚಿತ್ರೀಕರಿಸಲಾಯಿತು. ರೈನ್‌ಹಾರ್ಟ್ ಸಜ್ಜುಗೊಳಿಸಿದ ವೆನಿಸ್ ಶೈಲಿಯ ಕೋಣೆಯ ಪ್ರತಿಕೃತಿಯನ್ನು ಅಮೆರಿಕದ ಸ್ಟುಡಿಯೊದಲ್ಲಿ ನಿರ್ಮಿಸಿ, ನೃತ್ಯಕೂಟದ ದೃಶ್ಯಕ್ಕೆ ಬಳಸಲಾಯಿತು. ಅರಮನೆ ಮತ್ತು ಮೈಯರ್‌ಹೋಫ್ ಈಗ ಹೋಟೆಲಾಗಿಯೂ ನಡೆಯುತ್ತಿದ್ದು, ಅದರ ಆದಾಯ ಸಂಸ್ಥೆಯ ಕಾರ್ಯಕ್ರಮಗಳಿಗೆ ಒದಗುತ್ತದೆ.

ಪ್ರಮುಖ ಇಸವಿಗಳು

1736: ಲೆಯೊಪೋಲ್ಡ್ಸ್‌ಕ್ರೋನ್ ಅರಮನೆಯ ನಿರ್ಮಾಣದ ಆರಂಭ
1918: ಮಾಕ್ಸ್ ರೈನ್‌ಹಾರ್ಟ್ ಅವರಿಂದ ಖರೀದಿ
1920: ಸಾಲ್ಜ್‌ಬರ್ಗ್ ಉತ್ಸವದ ಆರಂಭ
1938: ನಾಜಿ ಆಡಳಿತದಿಂದ ಅರಮನೆಯ ಮುಟ್ಟುಗೋಲು
1947: ಮೊದಲ ಸೆಮಿನಾರ್
1950: ಸಂಸ್ಥೆಯ ನೋಂದಣಿ
1954: ಅಮೆರಿಕನ್ ಅಧ್ಯಯನಗಳ ಯೂರೋಪಿಯನ್ ಸಂಘದ ಸ್ಥಾಪನೆ
1959: ಸಂಸ್ಥೆಯಿಂದ ಅರಮನೆಯ ಖರೀದಿ
2009: ಪರಂಪರೆಯ ಸಂರಕ್ಷಣೆಯನ್ನು ಕುರಿತ ಸಾಲ್ಜ್‌ಬರ್ಗ್ ಘೋಷಣೆ
2014: ಯುವ ಸಾಂಸ್ಕೃತಿಕ ಮುಂದಾಳುಗಳ ವೇದಿಕೆಯ ಆರಂಭ
2018: ಬಹುಭಾಷಿಕ ಜಗತ್ತಿಗಾಗಿ ಸಾಲ್ಜ್‌ಬರ್ಗ್ ಹೇಳಿಕೆಯ ಪ್ರಕಟಣೆ

ಇವನ್ನೂ ನೋಡಿ

ಸಾಲ್ಜ್‌ಬರ್ಗ್
ಮಾಕ್ಸ್ ರೈನ್‌ಹಾರ್ಟ್
ಮಾರ್ಷಲ್ ಯೋಜನೆ
ಮಾರ್ಗರೆಟ್ ಮೀಡ್
ಅಂತರರಾಷ್ಟ್ರೀಯ ತಾಯ್ನುಡಿ ದಿನ